ಕಟ್ಟಾಳಿನ ಕಾಲುಡುಪು

ಕುಮುದ್ವತಿಯ ದಡದ ರಟ್ಟೀಹಳ್ಳಿಗೆ ಚರಿತ್ರೆಯಲ್ಲಿ ಎರಡು ಗುರುತುಗಳುಂಟು. ಒಂದು, ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಸಂಪ್ರದಾಯಕ್ಕೆ ಸೇರಿದ, ಮೂರು ಗರ್ಭಗೃಹಗಳುಳ್ಳ ಕದಂಬೇಶ್ವರ ದೇವಾಲಯ. ಇನ್ನೊಂದು, 1764ರಲ್ಲಿ ಪೇಶ್ವೆ ಮಾಧವರಾಯನ ದಂಡು ಹೈದರಾಲಿಯ ದಂಡನ್ನು ಇಲ್ಲಿ ಮುರಿದ ಕಾಳಗ. ದೇವಾಲಯವು ಎದ್ದು ನಿಂತ ಕಾಲದ ಕಟ್ಟಾಳು ಸೊಂಟಕ್ಕೆ ದಟ್ಟಿಯನ್ನು ಬಿಗಿದು, ಉಟ್ಟ ಬಟ್ಟೆಯನ್ನು ಗಂಡುಗಚ್ಚೆಯಾಗಿ ಹಿಂದಕ್ಕೆ ಸೆಳೆದು, ಮೊಣಕಾಲಿನಿಂದ ಕೆಳಗೆ ಬರಿಗಾಲಿನಲ್ಲಿ ಕಾದಿದವನು; ಕಾಳಗದ ಕಾಲದ ರಾವುತನಾದರೋ ಹೊಲಿದ ಚಲ್ಲಣವನ್ನೋ ಇಜಾರನ್ನೋ ತೊಟ್ಟು ದಿನಗಟ್ಟಲೆ ಜೀನಿನ ಮೇಲೆ ಕುಳಿತವನು. ಈ ಎರಡರ ನಡುವಣ ಸುಮಾರು ಆರು ನೂರು ವರ್ಷಗಳಲ್ಲಿ, ಮೈಮೇಲೆ ಕವಚದ ಭಾರವನ್ನು ಹೊತ್ತು ಕಾದುವವನ ಕಾಲಿಗೆ ಹಿತವಾದ ಉಡುಪು ಯಾವುದು ಎಂಬ ಪ್ರಶ್ನೆಗೆ ಈ ನಾಡಿನ ಉಡುವವರೂ ಹೊಲಿಯುವವರೂ ಕೊಟ್ಟ ಉತ್ತರಗಳನ್ನು ಒಟ್ಟಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆಯು ಕ್ಷುಲ್ಲಕವೆಂದು ಭಾವಿಸತಕ್ಕದ್ದಲ್ಲ. ಎದೆಯ ಮೇಲಿನ ಲೋಹಜಾಲವು ಎಷ್ಟೇ ದೃಢವಾಗಿರಲಿ, ಅದನ್ನು ಹೊತ್ತವನು ಓಡಬೇಕು, ಮಂಡಿಯೂರಬೇಕು, ಕೋಟೆಗೆ ಹಚ್ಚಿದ ಏಣಿಯನ್ನೇರಬೇಕು, ಕುದುರೆಯ ಬೆನ್ನಿನಾಚೆಗೆ ಕಾಲನ್ನು ದಾಟಿಸಬೇಕು. ತೊಡೆಸಂದಿಯಲ್ಲಿ ಹೊಲಿಗೆ ಉಜ್ಜಿ ಚರ್ಮ ಸುಲಿದವನು, ಬೆವರಿನಿಂದ ತೊಯ್ದ ಬಟ್ಟೆ ತೊಡೆಗಂಟಿ ಹೆಜ್ಜೆ ಕಿರಿದಾದವನು, ನಡುವಿನ ದಾರವು ಭಾರದಿಂದ ಮಾಂಸವನ್ನು ಕೊರೆಯುತ್ತಿರುವವನು, ಶತ್ರುವಿನ ಅಲಗು ತಾಕುವ ಮೊದಲೇ ಅರ್ಧ ಸೋತವನು. ಸಾಕ್ಷ್ಯಗಳನ್ನೆಲ್ಲ ಕೂಡಿಸಿ ನೋಡಿದ ಮೇಲೆ ನನಗೆ ಸ್ಥಿರವಾಗಿ ತೋರಿದ ಸಂಗತಿಯೊಂದುಂಟು: ಕಾಲಿನ ಸೌಕರ್ಯವು ನಿರ್ಣಯವಾಗುವುದು ಹೆಚ್ಚಾಗಿ ನಡುವಿನಲ್ಲಿ. ಭಾರ ಎಲ್ಲಿಂದ ತೂಗುತ್ತದೆ, ಬಟ್ಟೆ ಎಲ್ಲಿಂದ ಸೆಳೆಯಲ್ಪಡುತ್ತದೆ, ಕಟ್ಟು ಎಷ್ಟು ಅಗಲವಾಗಿದೆ ಎಂಬುದು ಸರಿಹೋದರೆ ತೊಡೆಯೂ ಮಂಡಿಯೂ ಮೀನಖಂಡವೂ ತಮ್ಮ ಕೆಲಸವನ್ನು ತಾವು ಮಾಡಿಕೊಳ್ಳುತ್ತವೆ. ಅದು ತಪ್ಪಿದರೆ ಎಷ್ಟು ಮೃದುವಾದ ವಸ್ತ್ರವೂ ಪ್ರಯೋಜನಕ್ಕೆ ಬಾರದು.

ವಿದ್ವಾಂಸರು ಈ ವಿಷಯದ ಎರಡು ಮಗ್ಗುಲುಗಳನ್ನು ಮುಟ್ಟಿದ್ದಾರೆ, ನಡುವನ್ನು ಬಿಟ್ಟಿದ್ದಾರೆ. ವೀರಗಲ್ಲುಗಳನ್ನು ಕುರಿತು ಚಿದಾನಂದಮೂರ್ತಿಯವರು 1966ರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ ಬರೆದುದು, ಆರ್. ಶೇಷಶಾಸ್ತ್ರಿಗಳ ಸ್ವತಂತ್ರ ಗ್ರಂಥ, ಷ. ಶೆಟ್ಟರ್ ಅವರು ಸೊಂಥೈಮರ್ ಅವರೊಡನೆ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟ, ಇವು ವೀರನ ಮರಣವನ್ನೂ ಅವನ ಸ್ವಾಮಿಭಕ್ತಿಯನ್ನೂ ಸಮಾಜವು ಅವನಿಗೆ ಕೊಟ್ಟ ಗೌರವವನ್ನೂ ನಮಗೆ ಕಣ್ಣಿಗೆ ಕಟ್ಟಿಸಿದವು. ಉಡುಪಿನ ಇತಿಹಾಸಕ್ಕೆ ಮೋತಿಚಂದ್ರ, ಘುರ್ಯೆ ಇವರ ಗ್ರಂಥಗಳುಂಟು; ಆದರೆ ಅವುಗಳಲ್ಲಿ ಅರಮನೆಯ ಪಟ್ಟೆಪೀತಾಂಬರಗಳಿಗೆ ದೊರೆತಷ್ಟು ಪುಟಗಳು ದಂಡಾಳಿನ ಚಲ್ಲಣಕ್ಕೆ ದೊರೆತಿಲ್ಲ. ಆಯುಧ ಕವಚಗಳ ಇತಿಹಾಸಕಾರರಿಗೆ ಕಬ್ಬಿಣವೇ ಮುಖ್ಯ. ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವುದೂ ಕಬ್ಬಿಣವೇ. ಬಟ್ಟೆಯು ಬೆವರಿಗೂ ನುಸಿಗೂ ತುತ್ತಾಗಿ ಹೋಯಿತು. ಹೀಗೆ ಕವಚ ಮತ್ತು ಮೈ ಇವುಗಳ ನಡುವೆ ಇದ್ದ ವಸ್ತುವೇ ಅಧ್ಯಯನದಲ್ಲಿಯೂ ಎರಡರ ನಡುವೆ ಸಿಕ್ಕಿ ಕಣ್ಮರೆಯಾಯಿತು.

ಆದುದರಿಂದ ಮೊದಲು ಕಲ್ಲನ್ನೇ ಕೇಳಬೇಕು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಸೀಮೆಯಲ್ಲಿ ಊರ ಮುಂದೆ, ಗುಡಿಯ ಮಗ್ಗುಲಿಗೆ, ಕೆರೆಯ ಏರಿಯ ಮೇಲೆ ವೀರಗಲ್ಲು ಕಾಣದ ಹಳ್ಳಿ ವಿರಳ. ಕದಂಬರ ಪಾನುಂಗಲ್ಲಾದ ಹಾನಗಲ್ಲನ್ನು 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಮುತ್ತಿದ ಪ್ರಸಂಗವಂತೂ ಆ ಊರಿನ ಶಿಲ್ಪದಲ್ಲಿಯೇ ಸ್ಮರಣೆಯಾಗಿ ನಿಂತಿದೆ. ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ, ಅದರ ಮೇಲೆ ಅಪ್ಸರೆಯರ ನಡುವೆ ವೀರನ ಸ್ವರ್ಗಯಾತ್ರೆ, ಎಲ್ಲಕ್ಕೂ ಮೇಲೆ ಶಿವಸನ್ನಿಧಿ ಎಂಬ ಕ್ರಮವು ಎಲ್ಲರಿಗೂ ಪರಿಚಿತ. ನಮಗಿಲ್ಲಿ ಬೇಕಾದುದು ಕೆಳಗಿನ ಪಟ್ಟಿಕೆ. ಅಲ್ಲಿ ಶಿಲ್ಪಿಯು ಮುಖದ ಮೇಲೆ ವ್ಯಯಿಸದ ಶ್ರದ್ಧೆಯನ್ನು ವೀರನ ನಡುವಿನ ಮೇಲೆ ವ್ಯಯಿಸಿದ್ದಾನೆ: ಸುತ್ತುಸುತ್ತಾಗಿ ಬಿಗಿದ ದಟ್ಟಿ, ಅದರಲ್ಲಿ ಸಿಕ್ಕಿಸಿದ ಸುರಗಿ, ಮುಂದೆ ಇಳಿಬಿಟ್ಟ ನಿರಿಗೆ, ಗಾಳಿಗೆ ಹಾರುವ ಸೆರಗಿನ ತುದಿ. ತೊಡೆಯ ಅರ್ಧಕ್ಕೋ ಮಂಡಿಯ ಮೇಲಕ್ಕೋ ಬಟ್ಟೆ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಬರಿಯ ಕಾಲು, ಬರಿಯ ಪಾದ. ಹಳೇಬೀಡಿನ ಹೊಯ್ಸಳ ಪಟ್ಟಿಕೆಗಳ ರಾವುತರ ಪಾದಗಳು ರಿಕಾಪಿನಲ್ಲಿವೆ. ಆದರೆ ನಡುಕಟ್ಟಿನ ಪ್ರಾಧಾನ್ಯವು ಅಲ್ಲಿಯೂ ಕಡಿಮೆಯಾಗಿಲ್ಲ.

ಗಂಡುಗಚ್ಚೆಯ ರಚನೆಯನ್ನು ಸ್ವಲ್ಪ ನಿಂತು ನೋಡುವುದು ಅವಶ್ಯ, ಏಕೆಂದರೆ ನಮ್ಮ ನಾಡಿನ ಉತ್ತರದ ತಿರುಳು ಅದರಲ್ಲಿಯೇ ಇದೆ. ಹೊಲಿದ ಉಡುಪಿನಲ್ಲಿ ಎರಡು ಕಾಲುಗಳೂ ಸೇರುವ ಸಂದಿಯೇ ಅತ್ಯಂತ ದುರ್ಬಲವಾದ ಸ್ಥಳ: ನಾಲ್ಕು ಹೊಲಿಗೆಗಳು ಅಲ್ಲಿ ಕೂಡುತ್ತವೆ, ಮೈಯ ಬೆವರು ಅಲ್ಲಿ ನಿಲ್ಲುತ್ತದೆ, ಕಾಲು ಅಗಲಿಸಿದಾಗ ಸೆಳೆತವೆಲ್ಲ ಅಲ್ಲಿಗೇ ಬರುತ್ತದೆ. ಕಚ್ಚೆಯಲ್ಲಿ ಆ ಸ್ಥಳದಲ್ಲಿ ಹೊಲಿಗೆಯೇ ಇಲ್ಲ. ಅಖಂಡವಾದ ಅರಿವೆಯು ಮಡಿಕೆಮಡಿಕೆಯಾಗಿ ಕಾಲುಗಳ ನಡುವೆ ಹಾಯ್ದು ಬೆನ್ನ ಕೆಳಗೆ ನಡುಕಟ್ಟಿನಲ್ಲಿ ಸೇರಿಕೊಳ್ಳುತ್ತದೆ. ಕಾಲನ್ನು ಮುಂದಕ್ಕೆ ಚಾಚಿದರೆ ಮಡಿಕೆ ಬಿಚ್ಚಿಕೊಂಡು ಅವಕಾಶ ಕೊಡುತ್ತದೆ, ಹಿಂದಕ್ಕೆ ತಂದರೆ ಮತ್ತೆ ಕೂಡಿಕೊಳ್ಳುತ್ತದೆ. ಒಂದೇ ಅರಿವೆಯು ಸಣ್ಣ ಮೈಯವನಿಗೂ ದಪ್ಪ ಮೈಯವನಿಗೂ ಸಲ್ಲುತ್ತದೆ. ಒದ್ದೆಯಾದರೆ ಬಿಚ್ಚಿ ಕೊಡವಿ ಬೇರೆ ಮಗ್ಗುಲಿನಿಂದ ಉಡಬಹುದು. ಗಾಯವಾದರೆ ಹರಿದು ಕಟ್ಟಬಹುದು. ದಪ್ಪ ನೂಲಿನ ಕೈಮಗ್ಗದ ಅರಿವೆ ಒಗೆದಷ್ಟೂ ಮೆತ್ತಗಾಗುವುದೆಂಬುದನ್ನು ನಮ್ಮ ಕಡೆಯ ರೈತರೆಲ್ಲ ಬಲ್ಲರು. ಹೊಲದಲ್ಲಿ ದಿನವಿಡೀ ಬಾಗಿ ದುಡಿಯುವವನು ಧೋತರವನ್ನು ಎತ್ತಿ ಕಚ್ಚೆ ಹಾಕುವುದೂ, ಕಾದಾಟಕ್ಕೆ ಹೊರಡುವವನು ಗಂಡುಗಚ್ಚೆ ಹಾಕುವುದೂ ಒಂದೇ ದೇಹಾನುಭವದ ಎರಡು ರೂಪಗಳು.

ದಟ್ಟಿಯನ್ನು ಅಲಂಕಾರವೆಂದೇ ಹೆಚ್ಚಿನವರು ಬರೆದಿದ್ದಾರೆ. ನಾನು ಒಪ್ಪಲಾರೆ. ಮಂಡಿಯವರೆಗೆ ಬರುವ ಸರಪಳಿಯ ಅಂಗಿಯು ಸಾಮಾನ್ಯವಾಗಿ 10 ಕಿಲೋಗ್ರಾಮಿನ ಆಚೀಚೆ ತೂಗುತ್ತದೆ. ನಡುವನ್ನು ಬಿಗಿಯದಿದ್ದರೆ ಆ ಭಾರವಷ್ಟೂ ಹೆಗಲಿನಿಂದ ಜೋತು, ನಡೆದಂತೆಲ್ಲ ಕೆಳಗಿನ ಅಂಚು ತೊಡೆಗೆ ಬಡಿಯುತ್ತದೆ. ಅಗಲವಾದ ದಟ್ಟಿಯನ್ನು ಅಂಗಿಯ ಮೇಲೆ ಬಿಗಿದಾಗ ಭಾರದ ಒಂದು ಪಾಲು ಸೊಂಟದ ಎಲುಬುಗಳಿಗೆ ಇಳಿಯುತ್ತದೆ, ಹೆಗಲು ಹಗುರಾಗುತ್ತದೆ, ತೊಡೆಯ ಬಡಿತವೂ ನಿಲ್ಲುತ್ತದೆ. ಕಿರಿದಾದ ಲಾಡಿಯು ಇದೇ ಕೆಲಸವನ್ನು ಮಾಡಲು ಹೋದರೆ ಮೈಯನ್ನು ಕೊಯ್ಯುತ್ತದೆ. ಬಟ್ಟೆಯ ಹಲವು ಸುತ್ತುಗಳು ಹೊಟ್ಟೆಗೂ ಬೆನ್ನಿಗೂ ಆಧಾರವಾಗಿ, ಭಾರವನ್ನೆತ್ತುವ ಹಮಾಲನು ಇಂದಿಗೂ ನಡುವಿಗೆ ಬಿಗಿಯುವ ವಸ್ತ್ರದಂತೆ, ಉಸಿರನ್ನು ಹಿಡಿದು ಬಲವನ್ನು ಕಾಲಿಗೆ ಇಳಿಸುತ್ತವೆ. ಕಚ್ಚೆಯ ತುದಿಗೂ ಆಯುಧಕ್ಕೂ ಕವಚಕ್ಕೂ ಏಕಕಾಲದಲ್ಲಿ ಆಶ್ರಯವಾದ ಈ ಒಂದು ವಸ್ತ್ರವನ್ನು ಶಿಲ್ಪಿಯು ಅಷ್ಟು ಶ್ರದ್ಧೆಯಿಂದ ಕಂಡರಿಸಿದುದರಲ್ಲಿ ಆಶ್ಚರ್ಯವಿಲ್ಲ.

ಹೊಲಿದ ಕಾಲುಡುಪು ತುರ್ಕರೊಡನೆ ಮಾತ್ರ ಈ ನಾಡಿಗೆ ಬಂದಿತೆಂಬ ಅಭಿಪ್ರಾಯವೊಂದು ಪ್ರಚಾರದಲ್ಲಿದೆ. ಅದು ಪೂರ್ತಿಯಾಗಿ ನಿಲ್ಲತಕ್ಕದ್ದಲ್ಲ. ಅಜಂತೆಯ ಭಿತ್ತಿಚಿತ್ರಗಳಲ್ಲಿ ಪಟ್ಟೆಪಟ್ಟೆಯ ಮೋಟು ಚಲ್ಲಣ ತೊಟ್ಟ ಭಟರಿದ್ದಾರೆ. ಅಮರಕೋಶದಲ್ಲಿ ಅರ್ಧೋರುಕವಿದೆ, ಹೆಂಗಸರ ಉಡುಪಾಗಿ ಹೇಳಿದ್ದರೂ ತೊಡೆಯ ಅರ್ಧದವರೆಗಿನ ಹೊಲಿಗೆಯ ಪರಿಚಯವನ್ನು ಅದು ಸೂಚಿಸುತ್ತದೆ. ಏಳನೆಯ ಶತಮಾನದ ಬಾಣನು ಹರ್ಷನ ದಂಡಯಾತ್ರೆಗೆ ನೆರೆದ ಅರಸರ ವರ್ಣನೆಯಲ್ಲಿ ಸ್ವಸ್ಥಾನ, ಪಿಂಗಾ, ಸತುಲಾ ಎಂದು ಮೂರು ಬಗೆಯ ಕಾಲುಡುಪುಗಳನ್ನೇ ಹೇಳಿದ್ದಾನೆ. ಅದೇ ಶತಮಾನದಲ್ಲಿ ನಮ್ಮ ಪುಲಕೇಶಿಯ ರಾಜ್ಯವನ್ನು ಕಂಡ ಚೀನೀ ಯಾತ್ರಿಕ ಹ್ಯುಎನ್‌ತ್ಸಾಂಗನು ಭಾರತೀಯರ ಉಡುಪು ಸಾಮಾನ್ಯವಾಗಿ ಕತ್ತರಿಸಿ ಹೊಲಿದದ್ದಲ್ಲವೆಂದು ಬರೆದಿದ್ದಾನೆ. ಸೋತ ಸೇನಾಪತಿಯನ್ನು ದಂಡಿಸದೆ ಹೆಂಗಸರ ಉಡುಪನ್ನು ಕೊಟ್ಟು ಅವಮಾನಿಸುವ ಈ ನಾಡಿನ ಪದ್ಧತಿಯನ್ನು ವರದಿ ಮಾಡಿದವನೂ ಅವನೇ. ಯೋಧನ ಗೌರವ ಅವನ ಉಡುಗೆಗೆ ಎಷ್ಟು ಬಿಗಿಯಾಗಿ ಹೆಣೆದುಕೊಂಡಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬಾಣನೂ ಯಾತ್ರಿಕನೂ ಪರಸ್ಪರ ವಿರೋಧಿಗಳಲ್ಲ: ಸಾಮಾನ್ಯ ಜನತೆ ಹೊಲಿಯದ ವಸ್ತ್ರವನ್ನು ಉಟ್ಟಿತು, ಕುದುರೆಯೇರುವವರು ಹೊಲಿದುದನ್ನು ತೊಟ್ಟರು. ಹನ್ನೆರಡನೆಯ ಶತಮಾನಕ್ಕೆ ಬಂದರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ವಸ್ತ್ರೋಪಭೋಗಕ್ಕೆಂದೇ ಒಂದು ಭಾಗವನ್ನಿಟ್ಟು ಹತ್ತಿ, ರೇಷ್ಮೆ, ಉಣ್ಣೆಗಳನ್ನೂ ಅವು ಬರುವ ದೇಶಗಳನ್ನೂ ಹೇಳುತ್ತದೆ. ಅದೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯಿದ್ದಾನೆ. ಸೂಜಿಯನ್ನೇ ಕಾಯಕವಾಗಿ ನಂಬಿ ಬದುಕಬಲ್ಲ ಮನುಷ್ಯನೊಬ್ಬನು ಕಲ್ಯಾಣದ ಕಾಲದಲ್ಲಿದ್ದನೆಂದ ಮೇಲೆ, ಆ ಕಾಲದ ದಂಡಿನಲ್ಲಿ ಹೊಲಿದ ಚಲ್ಲಣವಿರಲಿಲ್ಲವೆನ್ನಲು ಧೈರ್ಯ ಬೇಕು.

ಕಾಲಿನ ರಕ್ಷಣೆಯ ಮಾತನ್ನು ಬೇಗನೆ ಮುಗಿಸಬಹುದು. ಹೇಮಚಂದ್ರನಂಥ ಕೋಶಕಾರರು ಜಂಘಾತ್ರಾಣವನ್ನು ಹೇಳಿದ್ದಾರೆ. ಆದರೆ ನಮ್ಮ ಕಾವ್ಯಗಳಲ್ಲಿ ಮತ್ತೆ ಮತ್ತೆ ಕಿವಿಗೆ ಬೀಳುವುದು ಗದುಗಿನ ನಾರಣಪ್ಪನ ವಜ್ರಾಂಗಿ, ಸೀಸಕ, ಜೋಡುಗಳು, ಅಂದರೆ ನಡುವಿನ ಮೇಲಿನ ಸಾಮಗ್ರಿ. ಕೆಳಗಿನದನ್ನು ಕಾಲಾಳು ಹರಿಗೆಗೆ ಒಪ್ಪಿಸಿದ್ದನು. ವಿಜಯನಗರಕ್ಕೆ ಬಂದ ಪೋರ್ಚುಗೀಸ ನುನಿಜನು, 1520ರ ರಾಯಚೂರಿನ ದಂಡಯಾತ್ರೆಯನ್ನು ವರ್ಣಿಸುತ್ತ, ಹರಿಗೆಯಾಳುಗಳ ಹರಿಗೆಗಳು ಮೈಯನ್ನು ಸಂಪೂರ್ಣವಾಗಿ ಮುಚ್ಚುವಷ್ಟು ದೊಡ್ಡವಾಗಿದ್ದುದರಿಂದ ಅವರಿಗೆ ಬೇರೆ ಕವಚ ಬೇಕಾಗಿರಲಿಲ್ಲವೆಂದು ಬರೆದನು. ಇಲ್ಲಿ ಒಂದು ವಿವೇಚನೆ ಅಡಗಿದೆ. ಉಷ್ಣದೇಶದಲ್ಲಿ ಕಾಲಿಗೆ ಕಟ್ಟಿದ ಕಬ್ಬಿಣವನ್ನು ಪ್ರತಿ ಹೆಜ್ಜೆಗೂ ಎತ್ತಬೇಕು. ಕೈಯಲ್ಲಿ ಹಿಡಿದ ಹರಿಗೆಯನ್ನಾದರೋ ಬೇಕಾದಾಗ ಇಳಿಸಬಹುದು.

ಆದರೆ ಅದೇ ನುನಿಜನೂ ಅವನಿಗಿಂತ ಕೆಲವು ವರ್ಷ ಮೊದಲು ಬಂದ ಪಾಯೆಸನೂ ಹೇಳುವ ಇನ್ನೊಂದು ವಸ್ತುವನ್ನು ಕುರಿತು ವಿಸ್ತಾರವಾಗಿ ಆಲೋಚಿಸಬೇಕು. ಅದು ಹತ್ತಿ ತುಂಬಿ ಹೊಲಿದ ದಪ್ಪ ನಿಲುವಂಗಿ. ಬಿಲ್ಲಾಳುಗಳೂ ಕೋವಿಯವರೂ ಅದನ್ನು ತೊಟ್ಟಿದ್ದರು. ರಾವುತರ ತಲೆಯ ಮೇಲಿನದೂ ಅದೇ ಬಗೆಯಲ್ಲಿ ಹತ್ತಿ ತುಂಬಿ ಹೊಲಿದುದಾಗಿತ್ತು. ಮಹಾನವಮಿಯ ದಂಡಿನ ಸಮೀಕ್ಷೆಯಲ್ಲಿ ಪಾಯೆಸನು ಕಂಡ ರಾವುತರ ಅಂಗಿಗಳಲ್ಲಿ ಹದಮಾಡದ ಗಟ್ಟಿ ತೊಗಲಿನ ಪದರಗಳಿದ್ದು, ನಡುವೆ ಲೋಹದ ತಗಡುಗಳಿದ್ದವು. ಈ ವಿದ್ಯೆ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಆಯುಧಾಗಾರದಲ್ಲಿ ಲೋಹಜಾಲಿಕೆಯ ಜೊತೆಗೆ ಸೂತ್ರಕಂಕಟವಿದೆ, ನೂಲಿನ ಕವಚ. ಕಂಚುಕ, ವಾರವಾಣ, ಕೂರ್ಪಾಸಗಳೂ ಇವೆ. ಪಾರಸೀಕ ಕ್ಸೆರ್‌ಕ್ಸಿಸನ ಸೈನ್ಯದಲ್ಲಿ ಹತ್ತಿಯ ಉಡುಪು ತೊಟ್ಟ ಭಾರತೀಯರಿದ್ದರೆಂದು ಗ್ರೀಕ ಹಿರೊಡೊಟಸನು ಬರೆದಿಟ್ಟಿದ್ದಾನೆ. ಟೀಪುವಿನ ಕಾಲದವರೆಗೂ ಹತ್ತಿಯ ಪದರಗಳ ಕವಚ ಶಿರಸ್ತ್ರಾಣಗಳು ನಮ್ಮ ನಾಡಿನಲ್ಲಿ ಬಳಕೆಯಲ್ಲಿದ್ದು, ಅವುಗಳಲ್ಲಿ ಕೆಲವು ಇಂದು ಇಂಗ್ಲೆಂಡಿನ ಸಂಗ್ರಹಗಳಲ್ಲಿವೆ.

ಹಾವೇರಿ ಧಾರವಾಡಗಳ ಮನೆಮನೆಯ ಕೌದಿಯಲ್ಲಿ ಈ ವಿದ್ಯೆಯ ಶಿಲ್ಪವು ಇನ್ನೂ ಜೀವಂತವಾಗಿದೆ. ಹಳೆಯ ಸೀರೆ ಧೋತರಗಳ ಪದರಗಳನ್ನು ಒಂದರ ಮೇಲೊಂದು ಹಾಸಿ, ಅಂಚಿನಿಂದ ನಡುವಿಗೆ ಸಾಲುಸಾಲಾಗಿ ದಾರ ಓಡಿಸುವ ಅಜ್ಜಿಯರಿಗೆ ಗೊತ್ತಿರುವ ಒಂದು ಮರ್ಮವುಂಟು: ಸಾಲುಗಳು ಹತ್ತಿರ ಬಂದಷ್ಟೂ ಕೌದಿ ಗಟ್ಟಿ, ಬಾಳಿಕೆ ಹೆಚ್ಚು; ಆದರೆ ಮಡಿಸಲು ಬಿಗಿ. ಸಾಲು ದೂರವಾದಷ್ಟೂ ಮೆತ್ತಗೆ. ಕವಚ ಹೊಲಿಯುವವನ ಸಮಸ್ಯೆ ಇದೇ. ಎದೆಗೆ ಒತ್ತೊತ್ತಾದ ಸಾಲು ಬೇಕು, ಏಕೆಂದರೆ ಅಲ್ಲಿ ಅಲಗನ್ನು ತಡೆಯಬೇಕು. ತೊಡೆಯ ಮೇಲೆ ಇಳಿಯುವ ಭಾಗದಲ್ಲಿ ಸಾಲು ಸಡಿಲವಾಗಿರಬೇಕು, ಅದೂ ಕಾಲಿನ ಉದ್ದಕ್ಕೆ ಹರಿದಿರಬೇಕು, ಅಡ್ಡಲಾಗಿ ಹೊಲಿದರೆ ಕುಳಿತಾಗ ಅಂಚು ಹೊಟ್ಟೆಗೆ ಒತ್ತುತ್ತದೆ. ಮುಂದೆಯೂ ಹಿಂದೆಯೂ ಸೀಳಿಲ್ಲದ ದಪ್ಪ ಅಂಗಿಯಲ್ಲಿ ಕುದುರೆ ಹತ್ತುವುದು ಅಶಕ್ಯ. ಇನ್ನೊಂದು ತೊಂದರೆ ಹತ್ತಿಯ ಸ್ವಭಾವದಲ್ಲಿಯೇ ಇದೆ: ಅದು ಬೆವರನ್ನು ಚೆನ್ನಾಗಿ ಹೀರುತ್ತದೆ, ಆದರೆ ಹೀರಿದುದನ್ನು ಬೇಗ ಬಿಡುವುದಿಲ್ಲ; ಒದ್ದೆಯಾದ ದಪ್ಪ ಹತ್ತಿ ಭಾರವಾಗುತ್ತದೆ, ಉಜ್ಜುತ್ತದೆ. ಆದುದರಿಂದಲೇ ದಪ್ಪ ಅಂಗಿಯ ಕೆಳಗೆ ಕಾಲಿಗೆ ತೆಳ್ಳನೆಯ ಒಂಟಿಪದರದ ಅರಿವೆ ಇರುವುದು ಉಚಿತ. ಎರಡೂ ದಪ್ಪವಾದರೆ ಯೋಧನು ಕಾಳಗಕ್ಕಿಂತ ಮೊದಲು ಧಗೆಗೆ ಶರಣಾಗುವನು. ಕೃಷ್ಣದೇವರಾಯನ ಸೈನಿಕರ ದಪ್ಪ ಅಂಗಿಯೂ ಮಂಡಿಯವರೆಗಿನ ಹಗುರು ಕಾಲುಡುಪೂ ಒಂದಕ್ಕೊಂದು ಹೊಂದಿಕೊಂಡೇ ಬೆಳೆದುವೆಂದು ನನ್ನ ನಂಬಿಕೆ.

ಪಾಯಿಜಾಮೆಯ ಬಗೆಯ ಉದ್ದ ಕಾಲುಡುಪಿನ ಪ್ರಸಾರಕ್ಕೆ ಕುದುರೆಯೇ ಕಾರಣ. ಹದಿನೈದನೆಯ ಶತಮಾನದಲ್ಲಿ ಬೀದರಕ್ಕೆ ಬಂದ ರಷ್ಯದ ವರ್ತಕ ನಿಕಿತಿನನು ಬಹಮನಿ ಅಮೀರರ ವೈಭವವನ್ನೂ ಕವಚ ತೊಡಿಸಿದ ಆನೆಗಳನ್ನೂ ಬಣ್ಣಿಸಿ, ಅವರ ಮುಂದೆ ಓಡುವ ಕಾಲಾಳುಗಳು ಬರಿಮೈ ಬರಿಗಾಲಿನವರೆಂದು ಹೇಳಿದ್ದಾನೆ. ಒಂದೇ ಬೀದಿಯಲ್ಲಿ ಎರಡು ಉತ್ತರಗಳು ಜೊತೆಜೊತೆಯಾಗಿ ನಡೆಯುತ್ತಿದ್ದವು. ಅದೇ ಶತಮಾನದಲ್ಲಿ ಇಮ್ಮಡಿ ದೇವರಾಯನು ಮುಸಲ್ಮಾನ ಬಿಲ್ಲಾಳುಗಳನ್ನೂ ರಾವುತರನ್ನೂ ತನ್ನ ಸೇವೆಗೆ ತೆಗೆದುಕೊಂಡನು. ಹಂಪೆಯ ಆಸ್ಥಾನವು ಕಬಾಯಿ ಕುಲ್ಲಾಯಿಗಳನ್ನು ತನ್ನದಾಗಿಸಿಕೊಂಡಿತು. ಮಹಾನವಮಿ ದಿಬ್ಬದ ಶಿಲ್ಪಗಳಲ್ಲಿ ಉದ್ದಂಗಿಯ ಪರದೇಶಿಯರನ್ನೂ ಕಚ್ಚೆಯ ದೇಶೀಯರನ್ನೂ ಅಕ್ಕಪಕ್ಕದಲ್ಲಿ ಇಂದಿಗೂ ಕಾಣಬಹುದು. ಜೀನಿನ ಮೇಲೆ ಕಚ್ಚೆಯ ಗುಣವೇ ದೋಷವಾಗುತ್ತದೆ: ನಡೆಯುವವನಿಗೆ ಅವಕಾಶ ಕೊಟ್ಟ ಮಡಿಕೆಗಳು ಕುಳಿತವನ ಕೆಳಗೆ ಗಂಟಾಗುತ್ತವೆ, ಒಳತೊಡೆ ಜೀನಿಗೆ ಉಜ್ಜುತ್ತದೆ. ಉದ್ದವಾಗಿ ಹೊಲಿದ ಇಜಾರಿನಲ್ಲಿ, ಎರಡು ಕಾಲುಗಳ ನಡುವೆ ಚೌಕದ ಒಂದು ತುಂಡನ್ನು ಓರೆಯಾಗಿ ಸೇರಿಸಿದಾಗ, ನಾಲ್ಕು ಹೊಲಿಗೆಗಳು ಒಂದೇ ಬಿಂದುವಿನಲ್ಲಿ ಕೂಡುವ ಅಪಾಯ ತಪ್ಪಿ ಸೆಳೆತವು ಹರಡಿಕೊಳ್ಳುತ್ತದೆ. ಒಂದು ಗೇಣಿನ ಅರಿವೆಯಿಂದಾಗುವ ಈ ಉಪಕಾರವು ಸಣ್ಣದಲ್ಲ. ಪಠಾಣ ಮನೆತನದ ನವಾಬರು ಆಳಿದ ಸವಣೂರೂ ಧೋತರದ ರೈತರಿಂದ ತುಂಬಿದ ಅದರ ಸುತ್ತಲಿನ ಹಳ್ಳಿಗಳೂ ಈ ಎರಡು ಸಂಪ್ರದಾಯಗಳನ್ನು ಬಹುಕಾಲ ಒಟ್ಟಿಗೆ ಪೋಷಿಸಿದವು. ಮಾಧವರಾಯನ 1764ರ ದಂಡಯಾತ್ರೆಗೆ ನಿಮಿತ್ತವಾದುದೂ ಸವಣೂರಿನ ಮೇಲೆ ಹೈದರನ ಕೈ ಬಿದ್ದುದೇ.

ಯುರೋಪಿನ ಯೋಧರು ಹಿಡಿದ ದಾರಿ ಬೇರೆಯಾದರೂ ಅದರ ನೆಲೆ ಒಂದೇ. ಅಲ್ಲಿ ಕಾಲಿಗೇ ಉಕ್ಕಿನ ತಗಡುಗಳು ಬಂದುದರಿಂದ ಕೆಳಗಿನ ಬಟ್ಟೆಯ ಹೊಣೆ ಇಮ್ಮಡಿಯಾಯಿತು. ಹದಿನೈದನೆಯ ಶತಮಾನದ ಇಂಗ್ಲಿಷ್ ಹಸ್ತಪ್ರತಿಯೊಂದು, ಪಾದಚಾರಿಯಾಗಿ ಕಾದುವ ವೀರನಿಗೆ ಸುಖವಾಗುವಂತೆ ಕವಚ ತೊಡಿಸುವ ಕ್ರಮವನ್ನು ಸೇವಕನಿಗೆ ಹೇಳಿಕೊಡುತ್ತದೆ. ಒಳಗೆ ಅಂಗಿ ಬೇಡ. ನುಣುಪಾದ ಸ್ಯಾಟಿನ್ ಒಳಪದರವಿಟ್ಟು ತೂತುಗಳನ್ನು ಕೊರೆದ ದಪ್ಪ ಕುಪ್ಪಸವಿರಲಿ. ಕಾಲಿಗೆ ಉಣ್ಣೆಯ ಕಾಲುಚೀಲ. ಕಾಲಿನ ಕವಚವು ಉಜ್ಜದಂತೆ ಮಂಡಿಗಳ ಸುತ್ತ ತೆಳ್ಳನೆಯ ಕಂಬಳಿಯ ಪಟ್ಟಿ. ಕಟ್ಟುವ ದಾರಗಳು ಬಿಲ್ಲಿನ ಹೆದೆಗೆ ಬಳಸುವಂಥ ಹುರಿಯವಾಗಿದ್ದು, ಹಿಗ್ಗದಂತೆಯೂ ಹರಿಯದಂತೆಯೂ ಚಮ್ಮಾರನ ಮೇಣವನ್ನು ತಿಕ್ಕಿಸಿಕೊಂಡಿರಲಿ. ಇದನ್ನು ಬರೆದವನು ಮಂಡಿ ಸುಲಿಸಿಕೊಂಡು ಕಲಿತವನಿರಬೇಕು. 1364ರಲ್ಲಿ ಮಡಿದ ಬ್ಲ್ವಾ ನಗರದ ಚಾರ್ಲ್ಸನದೆನ್ನುವ ಕುಪ್ಪಸವು ಫ್ರಾನ್ಸಿನ ಲಿಯೋಂ ನಗರದ ಸಂಗ್ರಹಾಲಯದಲ್ಲಿದ್ದು, ಕಾಲುಚೀಲಗಳನ್ನು ತೂಗಿ ಕಟ್ಟುವ ದಾರಗಳು ಅದರ ಒಳಗಡೆ ಇವೆ. ಅಂದರೆ ಅಲ್ಲಿಯೂ ಕಾಲಿನ ಭಾರವನ್ನು ಮೈಗೆ ಬಿಗಿಯಾಗಿ ಹೊಂದಿದ ಉಡುಪಿನಿಂದಲೇ ಇಳಿಬಿಟ್ಟರು. ನಮ್ಮವರು ದಟ್ಟಿಯಿಂದ ಮಾಡಿದ ಕೆಲಸವನ್ನು ಅವರು ಕುಪ್ಪಸದಿಂದ ಮಾಡಿದರು. ಹಿಗ್ಗುವ ಗುಣಕ್ಕಾಗಿ ಅವರು ಉಣ್ಣೆಯ ಬಟ್ಟೆಯನ್ನು ಓರೆಯಾಗಿ ಕತ್ತರಿಸುತ್ತಿದ್ದರೆಂಬುದೂ ಗಮನಾರ್ಹ. ನಮ್ಮ ಮಡಿಕೆಗಳ ಸ್ಥಾನವನ್ನು ಅಲ್ಲಿ ಓರೆಯ ಕತ್ತರಿ ತುಂಬಿತು.

ಜೀವಂತ ಸಾಕ್ಷ್ಯಗಳು ನಮ್ಮಲ್ಲಿ ಇನ್ನೂ ಉಳಿದಿರುವಾಗ ಬರಿಯ ಕಲ್ಲು ಕಾಗದಗಳನ್ನೇ ನಂಬಿ ಕೂಡಬೇಕಾಗಿಲ್ಲ. ವೀರಭದ್ರನ ಜಾತ್ರೆಗಳಲ್ಲಿ ಕತ್ತಿ ಹಿಡಿದು ಒಡಪು ಹೇಳುತ್ತ ಕುಣಿಯುವ ಪುರವಂತರು ಕಾಸೆಯನ್ನು ಬಿಗಿದು, ನಡುವಿಗೆ ವಸ್ತ್ರವನ್ನು ಸುತ್ತಿ, ಕಾಲಿಗೆ ಭಾರದ ಗೆಜ್ಜೆಯನ್ನು ಕಟ್ಟುತ್ತಾರೆ. ಗೆಜ್ಜೆಯ ಕೆಳಗೆ ಬಟ್ಟೆ ಸುತ್ತದಿದ್ದರೆ ಹೊತ್ತೇರುವುದರೊಳಗೆ ಕಾಲಗಂಟಿನ ಚರ್ಮ ಉಳಿಯುವುದಿಲ್ಲ. ಕರಾವಳಿಯ ಬಡಗುತಿಟ್ಟಿನ ಯಕ್ಷಗಾನ ವೇಷಧಾರಿಯು ದಗಲೆಯ ಕೆಳಗೆ ಚೌಕುಳಿಯ ಕಸೆಸೀರೆಯನ್ನು ಕಚ್ಚೆಯಾಗಿ ಉಟ್ಟು, ಆಭರಣಗಳ ಭಾರವನ್ನು ಮೈತುಂಬ ಹೊತ್ತು, ಮಂಡಿಯ ಮೇಲೆ ಗಿರಗಿರನೆ ಸುತ್ತುತ್ತಾನೆ. ಕಾಸರಗೋಡಿನ ಕನ್ನಡ ಸೀಮೆಯ ತೆಂಕುತಿಟ್ಟಿನವನೂ ರಾತ್ರಿಯೆಲ್ಲ ಇಂಥದೇ ಭಾರದಲ್ಲಿ ಕುಣಿಯುವವನು. ಚೌಕಿಯಲ್ಲಿ ವೇಷ ಕಟ್ಟುವಾಗ ಹಗ್ಗವನ್ನು ಎಷ್ಟು ಬಿಗಿಯಬೇಕು, ಎಲ್ಲಿ ಸಡಿಲಿಸಬೇಕು ಎಂದು ಹಿರಿಯರು ಕಿರಿಯರಿಗೆ ಕೈಹಿಡಿದು ತೋರಿಸುತ್ತಾರಷ್ಟೆ. ಹಳೆಯ ಕಟ್ಟಾಳಿನ ವಿದ್ಯೆಗೆ ಇಷ್ಟು ಹತ್ತಿರವಾದ ಗುರುಕುಲ ಬೇರೊಂದಿಲ್ಲ. ಗರಡಿಮನೆಯ ಪೈಲವಾನರ ಲಂಗೋಟಿಯೂ, ಮೈಸೂರು ದಸರೆಯ ವಜ್ರಮುಷ್ಟಿಯ ಜಟ್ಟಿಗಳ ಬಿಗಿಯುಡುಪೂ ಬೇರೊಂದು ಶಾಖೆ. ಎದುರಾಳಿಯ ಕೈಗೆ ಸಿಗಬಾರದೆಂಬ ನಿರ್ಬಂಧ ಅಲ್ಲಿ ಮುಖ್ಯವಾದುದರಿಂದ ಕವಚದ ಪ್ರಶ್ನೆಗೆ ಅದು ಅಷ್ಟಾಗಿ ಉಪಯುಕ್ತವಲ್ಲ.

ಕಂಬಳಿಯ ಮಾತನ್ನು ಹೇಳದೆ ಬಿಡಲಾರೆ. ರಾಣೇಬೆನ್ನೂರು ತಾಲೂಕಿನ ಮೆಡ್ಲೇರಿಯಲ್ಲಿ ಕುರುಬ ಮನೆತನಗಳು ದಖ್ಖನಿ ಕುರಿಯ ಉಣ್ಣೆಯಿಂದ ನೇಯುವ ಕಂಬಳಿಯು ಮೈಗೆ ಒರಟಾದರೂ ಒದ್ದೆಯಾದಾಗ ತನ್ನ ಪುಟಿತವನ್ನು ಬಿಡದು. ಹತ್ತಿಯಂತೆ ಚಪ್ಪಟೆಯಾಗಿ ಮೈಗಂಟದು. ಅದರ ತುಂಡನ್ನು ಮೆತ್ತನೆಯ ಹಳೆಯ ಧೋತರದ ಮೇಲೆ ಸುತ್ತಿದರೆ, ಇಂಗ್ಲಿಷ್ ಹಸ್ತಪ್ರತಿಯು ಮಂಡಿಗೆ ಹೇಳಿದ ಔಷಧವು ನಮ್ಮ ಸಂತೆಯಲ್ಲಿಯೇ ದೊರೆತಂತಾಯಿತು. ಮೀನಖಂಡಕ್ಕೆ ಅಗಲವಾದ ಉಣ್ಣೆಯ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಸುತ್ತುವ ಪದ್ಧತಿಯು ಹಿಮಾಲಯದ ಜನರಿಂದ ಭಾರತದ ಸೈನ್ಯಕ್ಕೂ, ಅಲ್ಲಿಂದ ಮೊದಲನೆಯ ಮಹಾಯುದ್ಧದ ಆಂಗ್ಲ ಸಿಪಾಯಿಗಳ ಕಾಲಿಗೂ ಹೋದುದು ಪ್ರಸಿದ್ಧವಾಗಿದೆ.

ಇಂದು ಈ ಪ್ರಶ್ನೆಯು ವೇದಿಕೆಗಳಲ್ಲಿಯೂ ಮೆರವಣಿಗೆಗಳಲ್ಲಿಯೂ ಮತ್ತೆ ತಲೆಯೆತ್ತಿದೆ. ಊರೂರಿನ ದೊಡ್ಡಾಟಗಳಲ್ಲಿ, ಶಾಲೆಯ ಮಕ್ಕಳ ಐತಿಹಾಸಿಕ ನಾಟಕಗಳಲ್ಲಿ, ಸಂಗೊಳ್ಳಿ ರಾಯಣ್ಣನ ಉತ್ಸವಗಳಲ್ಲಿ ಯೋಧನ ಪಾತ್ರ ಕಟ್ಟುವವರಿಗೆ ಮಿರುಗುವ ಕೃತಕ ನೂಲಿನ ಬಿಗಿಯಾದ ಕಾಲುಡುಪನ್ನು ತೊಡಿಸಿ, ಕಿರಿದಾದ ರಬ್ಬರು ಪಟ್ಟಿಯಿಂದ ನಡುವನ್ನು ಕೊರೆಯಿಸಿ, ತಗಡಿನ ಕವಚವನ್ನು ಹೆಗಲಿಗೆ ನೇತುಹಾಕುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಆ ಹುಡುಗರು ಎರಡನೆಯ ಅಂಕಕ್ಕೆ ಬರುವುದರೊಳಗೆ ಕುಂಟುತ್ತಿರುತ್ತಾರೆ. ಇದಕ್ಕೆ ಪರಿಹಾರವು ದುಬಾರಿಯದಲ್ಲ. ಊರ ಸಿಂಪಿಗನಿಗೆ ಅಳತೆ ಕೊಡುವಾಗ ಹುಡುಗನು ನೆಟ್ಟಗೆ ನಿಲ್ಲುವುದರ ಬದಲು ಕುಕ್ಕರುಗಾಲಿನಲ್ಲಿ ಕೂಡಬೇಕು, ಒಂದು ಕಾಲನ್ನು ಮಂಚದ ಮೇಲಿಡಬೇಕು, ಆಗ ಹಿಂಬದಿಯ ಉದ್ದವು ಮುಂಬದಿಗಿಂತ ಎಷ್ಟು ಹೆಚ್ಚು ಬೇಕೆಂಬುದು ತಾನಾಗಿ ತಿಳಿಯುತ್ತದೆ. ಸಂದಿಗೆ ಚೌಕದ ತುಂಡನ್ನು ಸೇರಿಸಿ, ಹೊಲಿಗೆಯ ಮಡಿಕೆಯನ್ನು ಹೊರಮುಖವಾಗಿ ಒತ್ತಿಸಬೇಕು. ಬಟ್ಟೆಯು ಒಂದೆರಡು ಸಲ ಒಗೆದ ಹತ್ತಿಯದಾಗಿರಬೇಕು. ಕವಚವನ್ನು ಹಾಕಿದ ಮೇಲೆ, ಐದಾರು ಮೊಳದ ದಟ್ಟಿಯನ್ನು ಇಬ್ಬರು ಹಿಡಿದು ಜಗ್ಗುತ್ತಿರಲು, ತೊಡುವವನು ತಾನೇ ತಿರುಗುತ್ತ ಸುತ್ತಿಸಿಕೊಳ್ಳಬೇಕು. ಪುರವಂತರಲ್ಲಿ ಹಿರಿಯರೊಬ್ಬರನ್ನು ಒಂದು ಸಂಜೆ ಕರೆಸಿಕೊಂಡರೆ ಎಲ್ಲಿ ಎಷ್ಟು ಬಿಗಿಯಬೇಕೆಂಬುದನ್ನು ಅವರು ತೋರಿಸಿಕೊಡುತ್ತಾರೆ, ಮತ್ತು ಮೊದಲ ಸುತ್ತನ್ನು ಸೊಂಟದ ಎಲುಬಿಗಿಂತ ನಾಲ್ಕು ಬೆರಳು ಕೆಳಗಿನಿಂದ ಹಿಡಿಯಬೇಕೋ ಮೇಲಿನಿಂದಲೋ ಎಂಬುದನ್ನು ಆ ಹುಡುಗನ ಮೈಕಟ್ಟನ್ನು ನೋಡಿಯೇ ಹೇಳುತ್ತಾರೆ.